ಒಗರಿನ ಚರಿತ್ರೆ: ಶಿರಸಿ, ಸಿದ್ಧಾಪುರ, ಯಲ್ಲಾಪುರ ಸೀಮೆಯ ಆಹಾರಪಾನೀಯಗಳು

೧. ಪ್ರಸ್ತಾವನೆ

ಅರಸರ ವಂಶಾವಳಿಯು ಕಲ್ಲಿನ ಮೇಲೂ ತಾಮ್ರದ ಮೇಲೂ ನಿಂತಿದೆ; ಜನರು ದಿನದಿನವೂ ಉಂಡುದು, ಕುಡಿದುದು ಬಹುಮಟ್ಟಿಗೆ ಮಾತಿನಲ್ಲಿ ಮಾತ್ರ ಉಳಿದಿದೆ. ಆದುದರಿಂದ ಆಹಾರದ ಚರಿತ್ರೆಯನ್ನು ಬರೆಯುವವರಿಗೆ ಶಬ್ದಗಳೇ ಮೊದಲನೆಯ ಶಾಸನಗಳು. ಒಂದು ಪದಾರ್ಥದ ಹೆಸರು, ಅದರ ರುಚಿಯ ಹೆಸರು, ಅದು ಕೆಟ್ಟಾಗ ಬರುವ ವಾಸನೆಯ ಹೆಸರು, ಇವುಗಳಲ್ಲಿ ಎಷ್ಟೋ ತಲೆಮಾರುಗಳ ಅನುಭವವು ಅಡಕವಾಗಿರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಶಿರಸಿ, ಸಿದ್ಧಾಪುರ, ಯಲ್ಲಾಪುರ ತಾಲೂಕುಗಳ ಆಹಾರಪಾನೀಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈ ಪರಿಶೀಲನೆಗೆ ಈಗ ವಿಶೇಷ ಕಾರಣವೊಂದು ಒದಗಿದೆ. ಮುರುಗಲ ಪಾನಕದ ಸೀಸೆಯ ಮೇಲೂ ಕಷಾಯದ ಪುಡಿಯ ಪೊಟ್ಟಣದ ಮೇಲೂ ಆಂಟಿಆಕ್ಸಿಡೆಂಟ್ ಎಂಬ ಶಬ್ದವು ಇಂದು ಮುದ್ರಿತವಾಗಿ ಬರುತ್ತಿದೆ. ಉತ್ಕರ್ಷಣ ನಿರೋಧಕವೆಂದು ಕನ್ನಡದ ವಿಜ್ಞಾನ ಲೇಖಕರು ಇದನ್ನು ಅನುವಾದಿಸಿರುವರು. ಪೂರ್ವಿಕರು ಎಲ್ಲವನ್ನೂ ಅರಿತೇ ಇವನ್ನು ಉಣ್ಣುತ್ತಿದ್ದರೆಂದು ಒಂದು ಪಕ್ಷವು ಹೇಳುವುದು. ಅದೆಲ್ಲ ಬರಿಯ ರೂಢಿಯೆಂದು ಇನ್ನೊಂದು ಪಕ್ಷವು ತಳ್ಳಿಹಾಕುವುದು. ಎರಡು ಪಕ್ಷಗಳೂ ಶಬ್ದಗಳನ್ನು ವಿಚಾರಿಸದೆಯೇ ತೀರ್ಪು ಕೊಡುತ್ತವೆ. ಈ ಸೀಮೆಯ ಜನರು ಇಂಥ ದ್ರವ್ಯಗಳಲ್ಲಿ ಬಹುಪಾಲನ್ನು ಒಂದೇ ರುಚಿಯ ಹೆಸರಿನಿಂದ ಗುರುತಿಸಿದ್ದರು. ಆ ಹೆಸರು ಒಗರು. ಒಗರಿನ ಜಾಡನ್ನು ಹಿಡಿದು ನಡೆದರೆ ನೆಲ್ಲಿಯಿಂದ ಅಪ್ಪೆಮಿಡಿಗೆ, ಅಲ್ಲಿಂದ ಕಷಾಯಕ್ಕೆ, ಕೊನೆಗೆ ಅಡಕೆಯ ಚೊಗರಿಗೆ ದಾರಿ ಸಾಗುತ್ತದೆ. ಆ ಕೊನೆಯ ನಿಲ್ದಾಣದಲ್ಲಿ ಇಡೀ ಸೀಮೆಯ ಜೀವನೋಪಾಯಕ್ಕೂ ಆರೋಗ್ಯಕ್ಕೂ ಸಂಬಂಧಿಸಿದ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ.

೨. ಸೀಮೆಯ ಸ್ವರೂಪ

ಅಘನಾಶಿನಿಯು ಶಿರಸಿಯ ಬಳಿ ಹುಟ್ಟಿ ಪಶ್ಚಿಮಕ್ಕೆ ಇಳಿಯುವುದು; ಬೇಡ್ತಿಯು ಯಲ್ಲಾಪುರ ಸೀಮೆಯನ್ನು ಹಾಯ್ದು ಗಂಗಾವಳಿಯಾಗಿ ಸಮುದ್ರವನ್ನು ಸೇರುವುದು; ಶರಾವತಿಯು ಸಿದ್ಧಾಪುರದ ಅಂಚಿನಲ್ಲಿ ಜೋಗದ ಕಮರಿಗೆ ಧುಮುಕುವುದು; ವರದೆಯು ಮಾತ್ರ ಬನವಾಸಿಯನ್ನು ಬಳಸಿ ಪೂರ್ವಕ್ಕೆ ಹರಿಯುವುದು. ಈ ನಾಲ್ಕು ಹೊಳೆಗಳ ನಡುವಣ ಕಣಿವೆಗಳಲ್ಲಿ ಅಡಕೆಯ ತೋಟಗಳೂ, ಅವುಗಳ ಮೇಲ್ಭಾಗದಲ್ಲಿ ಕಾಡೂ ಇವೆ. ಕದಂಬರ ರಾಜಧಾನಿಯಾಗಿದ್ದ ಬನವಾಸಿಯು ಶಿರಸಿ ತಾಲೂಕಿನಲ್ಲಿದೆ; ಪಂಪನು ತನ್ನ ಭಾರತದಲ್ಲಿ ಹಂಬಲಿಸಿದ ನಾಡು ಇದೇ. ಸುಧಾಪುರವೆಂದು ಹೆಸರಾದ ಸೋದೆಯೂ ಇಲ್ಲಿಯದೇ. ಸೋದೆಯು ವಿದ್ಯೆಗೂ ನೆಲೆಯಾಗಿತ್ತು. ೧೬೦೪ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನು ಸುಧಾಪುರದ ಜೈನಮಠದ ಪರಂಪರೆಗೆ ಸೇರಿದವನು.

ಈ ಸೀಮೆಯನ್ನು ಹೊರಜಗತ್ತಿಗೆ ಪರಿಚಯ ಮಾಡಿಸಿದುದು ಕಾಳುಮೆಣಸು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಜರು ಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೇಲೆ ಬೆಳೆದ ಮೆಣಸು ಎತ್ತಿನ ಹೇರುಗಳಲ್ಲಿ ಇಳಿದು ಹೊನ್ನಾವರ, ಮಿರ್ಜಾನ, ಭಟ್ಕಳಗಳ ರೇವನ್ನು ಸೇರುತ್ತಿತ್ತು. ೧೭೬೩-೬೪ರಲ್ಲಿ ಹೈದರನು ಸೋದೆಯನ್ನು ಗೆದ್ದ ಮೇಲೆ ಅಲ್ಲಿಯ ಅರಸುಮನೆತನವು ಗೋವೆಯ ಆಶ್ರಯವನ್ನು ಹೊಂದಿತು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ನನು ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಸಂಚರಿಸಿದನು. ೧೮೦೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥವು ಅಡಕೆ, ಮೆಣಸು, ಏಲಕ್ಕಿ, ಬಾಳೆಗಳು ಒಟ್ಟಾಗಿ ಬೆಳೆಯುವ ತೋಟಗಳನ್ನೂ ಅವನ್ನು ಸಾಗಿಸುವ ಹೈಗ ಬ್ರಾಹ್ಮಣರನ್ನೂ ವರ್ಣಿಸುತ್ತದೆ. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗವಾಯಿತು. ೧೯೫೬ರಲ್ಲಿ ಕನ್ನಡನಾಡಿನೊಡನೆ ಒಂದಾಯಿತು.

ಆಹಾರದ ದೃಷ್ಟಿಯಿಂದ ಇಲ್ಲಿ ಮುಖ್ಯವಾದುದು ಸೊಪ್ಪಿನ ಬೆಟ್ಟದ ಪದ್ಧತಿ. ತೋಟಕ್ಕೆ ಹಸುರುಗೊಬ್ಬರವನ್ನೂ ದರಕನ್ನೂ ಒದಗಿಸುವುದಕ್ಕಾಗಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡಿನ ಭಾಗವನ್ನು ರೈತರ ಉಪಯೋಗಕ್ಕೆ ಬಿಟ್ಟುಕೊಡುವುದು ಇಲ್ಲಿಯ ಕ್ರಮ. ಸರಕಾರದ ಕಡತಗಳಲ್ಲಿ ಬೆಟ್ಟವೆಂದರೆ ಸೊಪ್ಪು. ಅಡಿಗೆಮನೆಯ ಲೆಕ್ಕದಲ್ಲಿಯಾದರೋ ಬೆಟ್ಟವೆಂದರೆ ನೆಲ್ಲಿ, ಮುರುಗಲು, ಉಪ್ಪಾಗೆ, ವಾಟೆ, ಅಳಲೆ, ಜೇನು. ಹವ್ಯಕರು, ನಾಮಧಾರಿಗಳು, ಕರೆಒಕ್ಕಲಿಗರು, ಕುಣಬಿಗಳು, ಯಲ್ಲಾಪುರ ಕಡೆಯ ಸಿದ್ದಿಗಳು, ಇವರೆಲ್ಲರ ಊಟವೂ ಭಿನ್ನ ಭಿನ್ನವಾಗಿದ್ದರೂ ಬೆಟ್ಟದ ಹುಳಿ ಮತ್ತು ಒಗರುಗಳು ಎಲ್ಲರಿಗೂ ಸಮಾನವಾದ ಸಂಪತ್ತಾಗಿದ್ದುವು.

೩. ಗ್ರಂಥಸಾಕ್ಷ್ಯ

ಕನ್ನಡದ ಶಾಸ್ತ್ರಸಾಹಿತ್ಯವು ಪಾಕವಿದ್ಯೆಯನ್ನು ಕಡೆಗಣಿಸಿಲ್ಲ. ಸುಮಾರು ಕ್ರಿ. ಶ. ೧೦೨೫ರಲ್ಲಿದ್ದ ಎರಡನೆಯ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ, ವಿಷವೈದ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಸ್ಥಾನವನ್ನು ಕೊಟ್ಟಿರುವನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ ಸಂಸ್ಕೃತ ಮಾನಸೋಲ್ಲಾಸವು ಅನ್ನಭೋಗ, ಪಾನೀಯಭೋಗ, ತಾಂಬೂಲಭೋಗಗಳನ್ನು ಬೇರೆಬೇರೆಯಾಗಿ ನಿರೂಪಿಸುತ್ತದೆ. ಸುಮಾರು ೧೫೦೮ರ ಮೂರನೆಯ ಮಂಗರಸನ ಸೂಪಶಾಸ್ತ್ರವು ಪಾನಕಗಳಿಗೆ ಪ್ರತ್ಯೇಕವಾದ ಅಧ್ಯಾಯವನ್ನು ಮೀಸಲಿಟ್ಟು, ಮುಂದೆ ಬದನೆ, ಹಲಸು, ಬಾಳೆ, ಬಿದಿರ ಕಳಲೆ, ನೆಲ್ಲಿಗಳ ಪಾಕಕ್ರಮವನ್ನು ವಿವರಿಸುತ್ತದೆ. ಸಿದ್ಧಾಪುರದ ನೆರೆಯ ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರದಲ್ಲಿಯೂ ಪಾಕಪ್ರಕರಣವಿದೆ.

ಈ ಗ್ರಂಥಗಳಿಂದ ತಿಳಿಯಬರುವ ಅಂಶಗಳು ಎರಡು. ಮೊದಲನೆಯದಾಗಿ, ಮಂಗರಸನ ಕಾಲದ ಖಾರವು ಕಾಳುಮೆಣಸಿನದು. ಮೆಣಸಿನಕಾಯಿಯು ಅಮೆರಿಕಾ ಖಂಡದಿಂದ ಪೋರ್ಚುಗೀಜರ ಮೂಲಕ ಹದಿನಾರನೆಯ ಶತಮಾನದಲ್ಲಿ ಬಂದುದು. ಮೆಣಸಿನಂತೆ ಖಾರವಾದ ಕಾಯಿಯೆಂದು ಹಳೆಯ ವಸ್ತುವಿನ ಹೆಸರನ್ನೇ ಹೊತ್ತುಕೊಂಡಿದೆ. ಘಟ್ಟದ ಮೇಲಿನ ತಂಬುಳಿ, ಕಷಾಯಗಳಲ್ಲಿ ಇಂದಿಗೂ ಕಾಳುಮೆಣಸೇ ಪ್ರಧಾನವಾಗಿರುವುದರಿಂದ, ಅವುಗಳ ಪಾಕಕ್ರಮವು ಮೆಣಸಿನಕಾಯಿಯ ಆಗಮನಕ್ಕಿಂತ ಪ್ರಾಚೀನವಾದ ಪದರಕ್ಕೆ ಸೇರಿದುದೆಂದು ಊಹಿಸುವುದು ಯುಕ್ತವಾಗಿದೆ. ಎರಡನೆಯದಾಗಿ, ಇವು ಅರಮನೆಯ ಮತ್ತು ಶ್ರೀಮಂತರ ಊಟವನ್ನು ಕುರಿತ ಗ್ರಂಥಗಳು. ಮಳೆಗಾಲದ ಸಂಜೆ ಕುಡಿಯುವ ಕಷಾಯವನ್ನಾಗಲಿ, ಹೊಳೆದಂಡೆಯ ಅಪ್ಪೆಯ ಹುಳಿಯನ್ನಾಗಲಿ ಕಾಣಬೇಕಾದರೆ ಗ್ರಂಥವನ್ನು ಬಿಟ್ಟು ಭಾಷೆಯ ಕಡೆಗೆ ತಿರುಗಬೇಕು.

೪. ಕಷಾಯ, ತೊಗರು, ಒಗರು

ಸಂಸ್ಕೃತದ ಕಷಾಯ ಶಬ್ದಕ್ಕೆ ಮೂರು ಅರ್ಥಗಳು ಪ್ರಸಿದ್ಧವಾಗಿವೆ: ಷಡ್ರಸಗಳಲ್ಲಿ ಒಂದಾದ ಒಗರು, ಮೂಲಿಕೆಗಳನ್ನು ಕುದಿಸಿ ಇಳಿಸಿದ ರಸ, ಸಂನ್ಯಾಸಿಗಳ ವಸ್ತ್ರದ ಕೆಂಗಾವಿ ಬಣ್ಣ. ತಮಿಳಿನ ತುವರ್ ಎಂಬ ಶಬ್ದಕ್ಕೂ ಒಗರು, ಕೆಂಪು ಎಂಬೆರಡು ಅರ್ಥಗಳಿವೆ. ಕನ್ನಡದ ತೊಗರು, ಚೊಗರು ಶಬ್ದಗಳೂ ಹೀಗೆಯೇ ರುಚಿಯನ್ನೂ ಕೆಂಬಣ್ಣದ ರಸವನ್ನೂ ಸೂಚಿಸುತ್ತವೆ. ಬೇರೆಬೇರೆ ಕುಲದ ಭಾಷೆಗಳಲ್ಲಿ ಒಗರು ರುಚಿಗೂ ಕೆಂಪು ಬಣ್ಣಕ್ಕೂ ಒಂದೇ ಹೆಸರು ಬಂದಿರುವುದು ಕೇವಲ ಆಕಸ್ಮಿಕವೆನ್ನಲಾಗದು.

ಇದರ ಕಾರಣವನ್ನು ರಸಾಯನಶಾಸ್ತ್ರವು ತಿಳಿಸಿಕೊಡುತ್ತದೆ. ಒಗರನ್ನು ಉಂಟುಮಾಡುವ ದ್ರವ್ಯಗಳಲ್ಲಿ ಮುಖ್ಯವಾದುವು ಟ್ಯಾನಿನ್ನುಗಳೂ ಅವುಗಳ ಬಂಧುಗಳಾದ ಪಾಲಿಫಿನಾಲುಗಳೂ. ಇವು ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗರಣೆಗಟ್ಟಿಸುವುದರಿಂದ ನಾಲಿಗೆಯು ಒಣಗಿ ಬಿಗಿದಂತಾಗುತ್ತದೆ. ಇವೇ ದ್ರವ್ಯಗಳು ಗಾಳಿಯ ಆಮ್ಲಜನಕದೊಡನೆ ಸುಲಭವಾಗಿ ಕೂಡಿ ಕೆಂಪಾಗಿ, ಕಂದಾಗಿ ತಿರುಗುತ್ತವೆ. ಹೆಚ್ಚಿದ ಬಾಳೆಕಾಯಿಯೂ ಸೀಳಿದ ಹಸಿಯಡಕೆಯೂ ನೋಡನೋಡುತ್ತಿರುವಂತೆ ಕಪ್ಪಾಗುವುದು ಇದರಿಂದಲೇ. ತಾನು ಮೊದಲು ಆಮ್ಲಜನಕಕ್ಕೆ ಈಡಾಗಿ ನೆರೆಯ ವಸ್ತುವನ್ನು ಉಳಿಸುವ ದ್ರವ್ಯವೇ ಉತ್ಕರ್ಷಣ ನಿರೋಧಕ. ಆದುದರಿಂದ ಒಗರು, ಕೆಂಪಾಗುವಿಕೆ, ಉತ್ಕರ್ಷಣ ನಿರೋಧ ಇವು ಅನೇಕ ಸಂದರ್ಭಗಳಲ್ಲಿ ಒಂದೇ ದ್ರವ್ಯಸಮೂಹದ ಮೂರು ಗುಣಗಳು. ಭಾಷೆಯು ಮೊದಲೆರಡನ್ನು ಕಂಡು ಒಂದೇ ಹೆಸರಿನಲ್ಲಿ ಕಟ್ಟಿಟ್ಟಿತು. ಮೂರನೆಯದನ್ನು ವಿಜ್ಞಾನವು ಕಾಣಿಸಿತು.

ಮಲೆನಾಡಿನ ನಿತ್ಯದ ಕಷಾಯವಾದರೋ ಹೆಸರಿಗೆ ಕಷಾಯವೇ ಹೊರತು ರುಚಿಯಲ್ಲಿ ಒಗರಲ್ಲ. ಕೊತ್ತುಂಬರಿ, ಜೀರಿಗೆ, ಮೆಣಸು, ಶುಂಠಿ ಮೊದಲಾದುವನ್ನು ಹುರಿದು ಪುಡಿಮಾಡಿ, ನೀರಿನಲ್ಲಿ ಕುದಿಸಿ, ಬೆಲ್ಲ ಹಾಲುಗಳನ್ನು ಸೇರಿಸಿ ಕುಡಿಯುವುದು ರೂಢಿ. ವೈದ್ಯದ ಕಹಿ ಕಷಾಯವು ಮನೆಯ ಸಿಹಿ ಪಾನೀಯವಾದ ಈ ಪರಿವರ್ತನೆಯಲ್ಲಿ ಬೆಲ್ಲದ ಪಾತ್ರವು ದೊಡ್ಡದು. ಕಬ್ಬಿನ ಆಲೆಮನೆಯೂ ಅಲ್ಲಿಯ ಜೋನಿಬೆಲ್ಲವೂ ಸಿದ್ಧಾಪುರ ಕಡೆಯ ಜೀವನದಲ್ಲಿ ಪ್ರಸಿದ್ಧವಾಗಿಯೇ ಇವೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಚಹದ ವ್ಯಾಪಾರಿಗಳ ಪ್ರಚಾರವು ಭಾರತದ ಊರೂರನ್ನು ಮುಟ್ಟಿದ ಮೇಲೆ ಕಷಾಯದ ಜೊತೆಗೆ ಚಹವೂ ಕಾಫಿಯೂ ಜಗಲಿಯನ್ನು ಏರಿದುವು. ಚಹದ ಒಗರಿಗೆ ಕಾರಣವಾದ ಕ್ಯಾಟೆಚಿನ್ನುಗಳ ಹೆಸರಂತೂ ವಿಚಾರಾರ್ಹವಾಗಿದೆ. ತಾಂಬೂಲಕ್ಕೆ ಸೇರಿಸುವ ಕಾಚಿನಲ್ಲಿ ಮೊದಲು ಗುರುತಿಸಲ್ಪಟ್ಟುದರಿಂದ, ಕಾಚಿನ ಲ್ಯಾಟಿನ್ ಹೆಸರಾದ ಕ್ಯಾಟೆಚುವಿನಿಂದ ಆ ದ್ರವ್ಯಕ್ಕೆ ಕ್ಯಾಟೆಚಿನ್ ಎಂಬ ಹೆಸರಾಯಿತು. ಈ ಲ್ಯಾಟಿನ್ ಹೆಸರನ್ನು ನಿಘಂಟುಕಾರರು ಮಲಯ ಭಾಷೆಯ ಕಾಚು ಶಬ್ದದೊಡನೆಯೂ ಕನ್ನಡವೇ ಮೊದಲಾದ ದ್ರಾವಿಡ ಭಾಷೆಗಳ ಕಾಚಿನೊಡನೆಯೂ ಸಂಬಂಧಿಸಿರುವರು. ಹೀಗೆ ಪ್ರಯೋಗಶಾಲೆಯ ಶಬ್ದದೊಳಗೂ ಎಲೆಯಡಕೆಯ ತಟ್ಟೆಯ ನೆನಪು ಅಡಗಿದೆ.

೫. ನೆಲ್ಲಿ, ಅಪ್ಪೆ, ಮುರುಗಲು, ಉಪ್ಪಾಗೆ

ಬೆಟ್ಟದ ನೆಲ್ಲಿಯಲ್ಲಿ ಹುಳಿಯೂ ಒಗರೂ ಕೂಡಿರುವುವು. ಅಳಲೆ, ತಾರೆಗಳೊಡನೆ ಸೇರಿ ತ್ರಿಫಲೆಯಾಗುವ ಇದು ವೈದ್ಯಕ್ಕೆ ಎಷ್ಟು ಸೇರಿದುದೋ ಅಡಿಗೆಗೂ ಅಷ್ಟೇ ಸೇರಿದುದು. ಚಳಿಗಾಲದಲ್ಲಿ ಸಂಗ್ರಹಿಸಿದ ಕಾಯನ್ನು ಉಪ್ಪುನೀರಿನಲ್ಲಿ ಇಡುವುದು, ಒಣಗಿಸುವುದು, ಕಪ್ಪಾಗುವವರೆಗೆ ಬಹುಹೊತ್ತು ಕುದಿಸಿ ನೆಲ್ಲಿಚಟ್ಟು ಮಾಡಿ ವರ್ಷಾಂತರಗಳವರೆಗೆ ಇಡುವುದು ಈ ಸೀಮೆಯ ಕ್ರಮಗಳು. ನೆಲ್ಲಿಯ ಹೆಸರು ಇಂದು ಸಿ ಜೀವಸತ್ವದೊಡನೆ ಬೆಸೆದುಹೋಗಿದೆ. ೧೭೪೭ರಲ್ಲಿ ಜೇಮ್ಸ್ ಲಿಂಡನು ಕಡಲಯಾನಿಗಳ ರಕ್ತಪಿತ್ತವ್ಯಾಧಿಗೆ ಕಿತ್ತಿಳೆ ನಿಂಬೆಗಳನ್ನು ಕೊಟ್ಟು ಪರೀಕ್ಷಿಸಿದನು. ೧೯೨೮ರಲ್ಲಿ ಹಂಗೇರಿಯ ಸೆಂಟ್ ಜ್ಯಾರ್ಜಿಯು ಆ ಸತ್ವವನ್ನು ಬೇರ್ಪಡಿಸಿದನು. ೧೯೩೭ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ವರ್ಷ ಕೂನೂರಿನ ಪ್ರಯೋಗಶಾಲೆಯಿಂದ ಎಕ್ರಾಯ್ಡನ ಭಾರತೀಯ ಆಹಾರಗಳ ಪೋಷಕ ಗುಣಗಳ ಪಟ್ಟಿಯು ಹೊರಬಿದ್ದು, ನಮ್ಮ ದೇಶದ ಸೊಪ್ಪು ಕಾಯಿಗಳನ್ನು ತೂಗಿ ಅಳೆಯುವ ಕಾರ್ಯಕ್ಕೆ ತಳಹದಿಯಾಯಿತು.

ಇಲ್ಲಿ ಸೂಕ್ಷ್ಮವಾದ ಅಂಶವೊಂದಿದೆ. ಸಿ ಜೀವಸತ್ವವು ಬಹುಕಾಲದ ಕುದಿತವನ್ನು ತಾಳದು. ಆದುದರಿಂದ ಕಪ್ಪಾದ ನೆಲ್ಲಿಚಟ್ಟಿನಲ್ಲಿ ಹಸಿಕಾಯಿಯ ಆ ಸತ್ವವು ಬಹುಪಾಲು ನಷ್ಟವಾಗಿರುತ್ತದೆ. ಗ್ಯಾಲಿಕ್, ಎಲ್ಲಾಜಿಕ್ ಆಮ್ಲಗಳೇ ಮೊದಲಾದ ಒಗರಿನ ದ್ರವ್ಯಗಳು ಮಾತ್ರ ಉಳಿಯುತ್ತವೆ. ಹಸಿ ನೆಲ್ಲಿಯ ಗುಣವನ್ನು ಚಟ್ಟಿಗೆ ಆರೋಪಿಸುವುದು ಸರಿಯಲ್ಲ. ಚಟ್ಟನ್ನು ಮಾಡಿದವರ ಉದ್ದೇಶವು ಕಾಯನ್ನು ಮಳೆಗಾಲಕ್ಕೆ ಉಳಿಸುವುದಾಗಿತ್ತು. ಆ ಉದ್ದೇಶವು ಪೂರ್ಣವಾಗಿ ನೆರವೇರಿದೆ.

ಹೊಳೆದಂಡೆಯ ಕಾಡುಮಾವಿನ ಸುವಾಸನೆಯ ಮಿಡಿಗೆ ಅಪ್ಪೆಯೆಂದು ಹೆಸರು. ಅದನ್ನು ಉಪ್ಪಿನಲ್ಲಿ ಕೂಡಿಟ್ಟು ಮಾಡಿದ ಉಪ್ಪಿನಕಾಯಿಯು ವರ್ಷಗಟ್ಟಲೆ ನಿಲ್ಲುವುದು. ಕಾಯನ್ನು ಬೇಯಿಸಿ ಹಿಂಡಿದ ತೆಳುವಾದ ರಸಕ್ಕೆ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಅದನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಹೆಚ್ಚು. ಮಾವಿನ ಎಳೆಗಾಯಿಯಲ್ಲಿ ಹುಳಿಯೊಡನೆ ಒಗರೂ ಇದ್ದು, ಬಲಿತಂತೆ ಒಗರು ಕಡಮೆಯಾಗುವುದು. ಮಿಡಿಯನ್ನೇ ಆರಿಸುವ ಸಂಪ್ರದಾಯವು ರುಚಿಯ ಈ ಭೇದವನ್ನು ಬಲ್ಲುದು.

ಮುರುಗಲ ಹಣ್ಣನ್ನು ಕೊಂಕಣದಲ್ಲಿ ಕೋಕಂ ಎಂದೂ ದಕ್ಷಿಣ ಕನ್ನಡದಲ್ಲಿ ಪುನರ್ಪುಳಿಯೆಂದೂ ಕರೆಯುವರು. ಬೇಸಗೆಯಲ್ಲಿ ಇದರ ಸಿಪ್ಪೆಯನ್ನು ಬಿಸಿಲಿಗೆ ಒಣಗಿಸಿಡುವರು. ಬೀಜದಿಂದ ಮುರುಗಲ ತುಪ್ಪವನ್ನು ತೆಗೆಯುವರು. ಸಿಪ್ಪೆಯ ಕೆಂಪು ಬಣ್ಣವು ಆಂಥೊಸಯನಿನ್ ಎಂಬ ವರ್ಗದ್ದು. ಹುಳಿಯಲ್ಲಿ ಕೆಂಪಾಗಿ ನಿಂತು, ಹುಳಿ ಮುರಿದರೆ ಬಣ್ಣಗೆಡುವುದು ಈ ವರ್ಗದ ಸ್ವಭಾವ. ಹಣ್ಣಿನ ಹುಳಿಯೇ ಅದರ ಬಣ್ಣಕ್ಕೆ ರಕ್ಷಕನಾಗಿರುವುದು. ಕೆಂಪಿಲ್ಲದ ಬಿಳಿಮುರುಗಲೂ ಶಿರಸಿ, ಸಿದ್ಧಾಪುರಗಳ ಕಡೆ ಉಂಟು. ಅದರಿಂದ ಮಾಡುವ ಪಾನಕವು ಈ ಬಣ್ಣದ ಹಂಗಿಲ್ಲದೆಯೇ ಮಾನ್ಯವಾಗಿರುವುದು ಗಮನಾರ್ಹ.

ಮುರುಗಲ ದಾಯಾದಿಯಾದ ಉಪ್ಪಾಗೆಯ ಕಥೆಯು ಎಚ್ಚರಿಕೆಯ ಕಥೆ. ಇದು ಹಣ್ಣಾಗುವುದು ಮಳೆಗಾಲದಲ್ಲಿ. ಆದುದರಿಂದ ಸಿಪ್ಪೆಯನ್ನು ಬೆಂಕಿಯ ಮೇಲಣ ಅಟ್ಟದಲ್ಲಿ ಒಣಗಿಸಬೇಕು. ಸಿಪ್ಪೆ ಹುಳಿಗೂ, ಬೀಜದ ತುಪ್ಪ ಅಡಿಗೆಗೂ ಬಳಕೆಯಾಗುತ್ತಿದ್ದುವು. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ೧೯೬೫ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬವರು ಇದರ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ನಿರ್ಣಯಿಸಿದರು. ಅದು ಮೈಯ ಕೊಬ್ಬನ್ನು ಕರಗಿಸುವುದೆಂಬ ಪ್ರಚಾರದಿಂದ ೧೯೯೦ರ ದಶಕದಲ್ಲಿ ಪರದೇಶಗಳಿಂದ ಬೇಡಿಕೆಯು ಉಕ್ಕಿತು. ಬೆಲೆ ಏರಿದಂತೆ ಕಾಯಿ ಬಲಿಯುವ ಮೊದಲೇ ಕೊಯ್ಯುವುದೂ, ಕೊಂಬೆಗಳನ್ನು ಕಡಿಯುವುದೂ, ಒಣಗಿಸಲು ರಾಶಿರಾಶಿ ಸೌದೆಯನ್ನು ಸುಡುವುದೂ ನಡೆಯಿತು. ೧೯೯೮ರಲ್ಲಿ ಅಮೆರಿಕದಲ್ಲಿ ೧೩೫ ಜನರ ಮೇಲೆ ೧೨ ವಾರಗಳ ಪರೀಕ್ಷೆಯು ನಡೆದಾಗ, ಈ ಆಮ್ಲವನ್ನು ಸೇವಿಸಿದವರಿಗೂ ಬರಿಯ ಹುಸಿಗುಳಿಗೆಯನ್ನು ನುಂಗಿದವರಿಗೂ ತೂಕದಲ್ಲಿ ಗಣನೀಯವಾದ ಅಂತರವು ಕಾಣಲಿಲ್ಲ. ಪ್ರಚಾರದ ಶಬ್ದವು ಟೊಳ್ಳಾಗಿದ್ದರೂ ಕಡಿದ ಕೊಂಬೆಯು ನಿಜವಾದುದೇ ಆಗಿತ್ತು.

೬. ತಂಬುಳಿ

ತಂಗಾಳಿ, ತಂಗೂಳು ಎಂಬ ಶಬ್ದಗಳಲ್ಲಿರುವ ತಣ್ ಎಂಬ ಧಾತುವಿಗೆ ಪುಳಿ ಸೇರಿ ತಂಬುಳಿಯಾಗಿದೆ. ತಣ್ಣನೆಯ ಹುಳಿಯೆಂದು ಅರ್ಥ. ಪಕಾರವು ಹಕಾರವಾಗಿ ಹುಳಿಯಾಗುವುದಕ್ಕೆ ಮೊದಲಿನ ರೂಪವನ್ನು ಈ ಸಮಾಸವು ಕಾಪಾಡಿಕೊಂಡಿರುವುದರಿಂದ, ಹೆಸರು ಹಳಗನ್ನಡದ ಕಾಲದಷ್ಟು ಹಳೆಯದೆಂದು ಹೇಳಬಹುದಾಗಿದೆ. ಒಂದೆಲಗ, ದೊಡ್ಡಪತ್ರೆ, ನೆಲ್ಲಿಚಟ್ಟು, ದಾಳಿಂಬೆಯ ಸಿಪ್ಪೆ, ಕಾಡಿನ ಎಳೆಯ ಕುಡಿಗಳು, ಇವುಗಳಲ್ಲಿ ಯಾವುದನ್ನಾದರೂ ತುಪ್ಪದಲ್ಲಿ ಜೀರಿಗೆ ಮೆಣಸುಗಳೊಡನೆ ಬಾಡಿಸಿ, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡುವುದು ಇದರ ಕ್ರಮ. ಒಗರಾದ ಕುಡಿಯನ್ನು ಮಜ್ಜಿಗೆಗೆ ಸೇರಿಸುವುದರಲ್ಲಿ ಒಂದು ಜಾಣ್ಮೆಯಿದೆ: ಟ್ಯಾನಿನ್ನುಗಳು ಹಾಲಿನ ಪ್ರೋಟೀನನ್ನು ಹಿಡಿಯುವುದರಿಂದ ನಾಲಿಗೆಯ ಮೇಲಿನ ಬಿಗಿತವು ಸಡಿಲುವುದು. ಚಹಕ್ಕೆ ಹಾಲು ಬೆರೆಸಿದಾಗ ಆಗುವುದೂ ಇದೇ.

ಅರಿಶಿನ, ಮೆಣಸುಗಳ ಕೂಟವು ಇನ್ನೊಂದು ನಿದರ್ಶನ. ಅರಿಶಿನದ ಹಳದಿ ದ್ರವ್ಯವಾದ ಕರ್ಕ್ಯುಮಿನ್ನನ್ನು ೧೮೧೫ರಲ್ಲಿಯೂ ಮೆಣಸಿನ ಖಾರವಾದ ಪೈಪರೀನನ್ನು ೧೮೧೯ರಲ್ಲಿಯೂ ಐರೋಪ್ಯ ರಸಾಯನಜ್ಞರು ಬೇರ್ಪಡಿಸಿದರು. ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ವಿದ್ಯಾಲಯದ ಸಂಶೋಧಕರು ೧೯೯೮ರಲ್ಲಿ ೨ ಗ್ರಾಂ ಕರ್ಕ್ಯುಮಿನ್ನಿನೊಡನೆ ೨೦ ಮಿಲಿಗ್ರಾಂ ಪೈಪರೀನನ್ನು ಕೊಟ್ಟಾಗ ಅದು ರಕ್ತಗತವಾಗುವ ಪ್ರಮಾಣವು ಇಪ್ಪತ್ತು ಪಟ್ಟು ಹೆಚ್ಚಿದುದನ್ನು ಕಂಡರು. ಆದರೆ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಕೆಲವೇ ಪಾಲು ಇರುವುದರಿಂದ, ೨ ಗ್ರಾಂ ಕರ್ಕ್ಯುಮಿನ್ ಎಂದರೆ ಯಾರೂ ಒಂದು ಊಟದಲ್ಲಿ ತಿನ್ನಲಾರದಷ್ಟು ಅರಿಶಿನ. ಅಡಿಗೆಯ ಚಿಟಿಕೆಯನ್ನು ಪ್ರಯೋಗಶಾಲೆಯ ಮಾತ್ರೆಗೆ ಸಮವೆಂದು ಎಣಿಸುವುದು ಪ್ರಮಾಣದೋಷವಾಗುವುದು.

೭. ಕಮಟು

ತುಪ್ಪವೂ ಎಣ್ಣೆಯೂ ಹಳತಾದಾಗ ಬರುವ ವಾಸನೆಗೆ ಕನ್ನಡದಲ್ಲಿ ಕಮಟು ಎಂದು ಹೆಸರು. ಆಮ್ಲಜನಕವು ಕೊಬ್ಬಿನೊಡನೆ ಕೂಡುವುದೇ ಇದಕ್ಕೆ ಕಾರಣ. ಬೆಣ್ಣೆಯನ್ನು ಕಾಯಿಸುವಾಗ ವೀಳ್ಯದೆಲೆಯನ್ನೋ ಕರಿಬೇವಿನ ಎಲೆಯನ್ನೋ ನುಗ್ಗೆಯ ಸೊಪ್ಪನ್ನೋ ಹಾಕುವ ರೂಢಿಯು ಕನ್ನಡನಾಡಿನ ಮನೆಗಳಲ್ಲಿ ಹಿಂದಿನಿಂದಲೂ ಇದೆ. ತುಪ್ಪವು ಕಮಟಾಗದೆ ನಿಲ್ಲುವುದೆಂದು ಹೇಳುವರು. ಭಾರತದ ಹೈನುವಿಜ್ಞಾನಿಗಳು ಈ ಮಾತನ್ನು ಪರೀಕ್ಷಿಸಿ, ವೀಳ್ಯದೆಲೆ, ಕರಿಬೇವುಗಳು ತುಪ್ಪದ ಉತ್ಕರ್ಷಣವನ್ನು ನಿಧಾನಗೊಳಿಸುವುವೆಂದು ಸಿದ್ಧಪಡಿಸಿರುವರು.

ವಿಜ್ಞಾನದಲ್ಲಿಯೂ ಈ ಭಾವನೆಯು ಹುಟ್ಟಿದುದು ವಸ್ತುಗಳು ಕೆಡುವುದನ್ನು ತಡೆಯುವ ಪ್ರಯತ್ನದಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಕ್ರೋಲೀನ್ ಎಂಬ ವಿಷದ್ರವವನ್ನು ಕೆಡದಂತೆ ಇಡಲು ಯತ್ನಿಸಿದ ಫ್ರೆಂಚ್ ರಸಾಯನಜ್ಞರಾದ ಮೂರೂ ಮತ್ತು ದ್ಯುಫ್ರೇಸ್ ಎಂಬವರು ೧೯೨೨ರಲ್ಲಿ ಆಮ್ಲಜನಕ ವಿರೋಧಿಗಳೆಂಬ ವರ್ಗವನ್ನು ನಿರೂಪಿಸಿದರು. ರಬ್ಬರು, ಎಂಜಿನಿನ ಎಣ್ಣೆ, ಡಬ್ಬಿಯ ಆಹಾರ, ಇವುಗಳ ರಕ್ಷಣೆಯೇ ಮೊದಲ ಗುರಿ. ಇವುಗಳನ್ನು ಮನುಷ್ಯನ ಮುಪ್ಪಿಗೂ ರೋಗಕ್ಕೂ ಸಂಬಂಧಿಸಿದುದು ಅನಂತರದ ಮಾತು. ೧೯೫೬ರಲ್ಲಿ ಅಮೆರಿಕದ ಡೆನ್ಹಮ್ ಹಾರ್ಮನ್ ದೇಹದೊಳಗೆ ಹುಟ್ಟುವ ಸ್ವತಂತ್ರ ಮೂಲಕಗಳೇ ಮುಪ್ಪಿಗೆ ಕಾರಣವೆಂಬ ವಾದವನ್ನು ಮಂಡಿಸಿದನು. ಹೀಗೆ ಭರಣಿಯ ಧರ್ಮವು ದೇಹದ ಧರ್ಮವಾಯಿತು. ಆದರೆ ಭರಣಿಯಲ್ಲಿ ಸತ್ಯವಾದುದು ದೇಹದಲ್ಲಿಯೂ ಸತ್ಯವಾಗಲೇಬೇಕೆಂಬ ನಿಯಮವಿಲ್ಲ.

೮. ವಾದಕ್ಕೆ ಬಂದ ಪರೀಕ್ಷೆ

ಆ ಸಂದೇಹವನ್ನು ದೃಢಪಡಿಸಿದ ಪರೀಕ್ಷೆಗಳು ಎರಡು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ ೨೯,೧೩೩ ಗಂಡಸರಲ್ಲಿ ಕೆಲವರಿಗೆ ಗಜ್ಜರಿಯ ಹಳದಿಯಾದ ಬೀಟಾಕ್ಯಾರೊಟೀನನ್ನು ಗುಳಿಗೆಯಾಗಿ ಕೊಟ್ಟರು. ೧೯೯೪ರಲ್ಲಿ ಫಲಿತಾಂಶವು ಪ್ರಕಟವಾದಾಗ, ಅದನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಅರ್ಬುದವು ನೂರಕ್ಕೆ ೧೮ರಷ್ಟು ಹೆಚ್ಚಾಗಿದ್ದಿತು. ಅಮೆರಿಕದಲ್ಲಿ ನಡೆದ ಅಂಥದೇ ಪರೀಕ್ಷೆಯನ್ನು ಇದೇ ಕಾರಣದಿಂದ ೧೯೯೬ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಆಹಾರಗಳ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಂಕೆಗಳಲ್ಲಿ ತೋರಿಸುತ್ತಿದ್ದ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯು ೨೦೧೨ರಲ್ಲಿ ಹಿಂತೆಗೆದುಕೊಂಡಿತು. ಪ್ರನಾಳದಲ್ಲಿ ಅಳೆದ ಶಕ್ತಿಯಿಂದ ದೇಹದಲ್ಲಾಗುವ ಪರಿಣಾಮವನ್ನು ತಿಳಿಯಲಾಗದೆಂದೂ, ವ್ಯಾಪಾರಿಗಳು ಆ ಅಂಕೆಗಳನ್ನು ದುರುಪಯೋಗ ಮಾಡುತ್ತಿರುವರೆಂದೂ ಅದು ಕಾರಣ ಕೊಟ್ಟಿತು. ಸೊಪ್ಪು, ಕಾಯಿ, ಹಣ್ಣುಗಳನ್ನು ಹೇರಳವಾಗಿ ಉಣ್ಣುವವರಿಗೆ ಕೆಲವು ರೋಗಗಳು ಕಡಮೆಯೆಂಬುದು ಇದರಿಂದ ಸುಳ್ಳಾಗಲಿಲ್ಲ. ಆ ಒಳಿತನ್ನು ಒಂದೇ ಗುಣಕ್ಕೆ ಕಟ್ಟಿಹಾಕಿ, ಅದನ್ನು ಗುಳಿಗೆಯಲ್ಲಿ ತುಂಬಬಹುದೆಂಬ ಎಣಿಕೆಯು ಮಾತ್ರ ಬಿದ್ದುಹೋಯಿತು.

೯. ಚೊಗರು

ಈಗ ಅಡಕೆಯ ವಿಚಾರ. ಈ ಮೂರು ತಾಲೂಕುಗಳ ಜೀವನವು ನಿಂತಿರುವುದು ಈ ಬೆಳೆಯ ಮೇಲೆ. ೧೯೨೩ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು ಸ್ಥಾಪಿತವಾಗಿ, ದಲಾಲರ ಹಿಡಿತದಲ್ಲಿದ್ದ ಬೆಳೆಗಾರರಿಗೆ ಆಧಾರವಾಯಿತು. ೨೦೧೯ರಲ್ಲಿ ಶಿರಸಿಯ ಅಡಕೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹಣ್ಣಡಕೆಯನ್ನು ಒಣಗಿಸಿ ಸುಲಿದರೆ ಚಾಲಿ; ಹಸಿಯಡಕೆಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಕೆ. ಬೇಯಿಸಿದ ನೀರು ಗಟ್ಟಿಯಾಗಿ ಕೆಂಪೇರಿದುದೇ ಚೊಗರು. ಅದನ್ನು ಮುಂದಿನ ಅಡಕೆಗೆ ಬಣ್ಣ ಬರಿಸಲು ಬಳಸುವರು. ಬಟ್ಟೆಗೆ ಬಣ್ಣವನ್ನೂ ಅದರಿಂದ ಕಟ್ಟುವರು.

ಚೊಗರು ಪಾಲಿಫಿನಾಲುಗಳ ಆಗರ. ಚಹದಲ್ಲಿರುವ ಕ್ಯಾಟೆಚಿನ್ನಿನ ವರ್ಗವೇ ಇಲ್ಲಿಯೂ ಇದೆ. ಪ್ರನಾಳದಲ್ಲಿ ಪರೀಕ್ಷಿಸಿದರೆ ಇದೂ ಬಲವಾದ ಉತ್ಕರ್ಷಣ ನಿರೋಧಕವೇ. ಸೀಸೆಯ ಮೇಲಿನ ತರ್ಕವನ್ನು ಅನುಸರಿಸಿದರೆ ಅಡಕೆಯನ್ನು ಆರೋಗ್ಯದಾಯಕವೆಂದು ಹೊಗಳಬೇಕಾಗುವುದು. ವಸ್ತುಸ್ಥಿತಿಯು ಇದಕ್ಕೆ ವಿರುದ್ಧವಾಗಿದೆ. ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ೧೯೮೫ರಲ್ಲಿ ಹೊಗೆಸೊಪ್ಪು ಸೇರಿದ ತಾಂಬೂಲವನ್ನು ಮಾತ್ರ ಅರ್ಬುದಕಾರಕವೆಂದು ನಿರ್ಣಯಿಸಿತ್ತು. ೨೦೦೩ರಲ್ಲಿ ಸೇರಿದ ಅದರ ತಜ್ಞಸಭೆಯು ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಕೆಯನ್ನೂ ಅದೇ ಮೊದಲನೆಯ ವರ್ಗಕ್ಕೆ ಸೇರಿಸಿತು. ಅಡಕೆಯನ್ನು ನಿರಂತರವಾಗಿ ಅಗಿಯುವವರ ಕೆನ್ನೆಯ ಒಳಪದರವು ಬಿಗಿದು, ಬಾಯಿ ತೆರೆಯಲಾಗದಂತಾಗುವ ವ್ಯಾಧಿಯಲ್ಲಿ ಅರೆಕೋಲೀನ್ ಎಂಬ ಕ್ಷಾರದ್ರವ್ಯದ ಜೊತೆಗೆ ಈ ಒಗರಿನ ದ್ರವ್ಯಗಳಿಗೂ ಪಾತ್ರವಿರುವುದನ್ನು ಸಂಶೋಧಕರು ತೋರಿಸಿರುವರು. ಅವು ಮಾಂಸದ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೆಣೆದು, ದೇಹವು ಅವನ್ನು ಕರಗಿಸದಂತೆ ಮಾಡುತ್ತವೆ.

ಚರ್ಮವನ್ನು ಹದಮಾಡುವವರಿಗೆ ಈ ಕ್ರಿಯೆಯು ಹೊಸದಲ್ಲ. ಇದೇ ಕಾಡುಗಳ ಅಳಲೆಕಾಯಿಯು ಆಂಗ್ಲರ ಕಾಲದಲ್ಲಿ ಚರ್ಮೋದ್ಯಮಕ್ಕಾಗಿ ಹೊರಗೆ ಹೋಗುತ್ತಿದ್ದುದು ಅದರ ಟ್ಯಾನಿನ್ನಿಗಾಗಿಯೇ. ತೊಗಲಿನ ಎಳೆಗಳನ್ನು ಹೆಣೆದು ಕೊಳೆಯದಂತೆ ಮಾಡುವುದು ಅದರ ಕೆಲಸ. ನಾಲಿಗೆಯನ್ನು ಬಿಗಿಯುವುದು, ತೊಗಲನ್ನು ಹದಗೊಳಿಸುವುದು, ತುಪ್ಪವನ್ನು ಕಮಟಿನಿಂದ ಕಾಯುವುದು, ಕೆನ್ನೆಯನ್ನು ಕಟ್ಟುವುದು ಇವೆಲ್ಲ ಒಂದೇ ದ್ರವ್ಯಕುಲದ ಕಾರ್ಯಗಳು. ಎಷ್ಟು, ಎಲ್ಲಿ, ಎಷ್ಟು ಹೊತ್ತು ಎಂಬುದರ ಮೇಲೆ ಅವುಗಳ ಫಲವು ನಿಂತಿದೆ. ಮಜ್ಜಿಗೆಯಲ್ಲಿ ಕದಡಿ ನುಂಗಿದ ಒಗರು ಬೇರೆ. ಗಂಟೆಗಟ್ಟಲೆ ದವಡೆಯಲ್ಲಿ ಇಟ್ಟ ಒಗರು ಬೇರೆ.

೧೦. ಉಪಸಂಹಾರ

ಮೇಲಣ ವಿವೇಚನೆಯಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹಿಸಿ ಹೇಳಬಹುದು. ಈ ಸೀಮೆಯ ಕಷಾಯ, ತಂಬುಳಿ, ಅಪ್ಪೆಹುಳಿ, ನೆಲ್ಲಿಚಟ್ಟುಗಳು ಕಾಡು ಮತ್ತು ತೋಟಗಳ ಸಂಬಂಧದಿಂದ ಹುಟ್ಟಿ, ಮಳೆಗಾಲಕ್ಕೆ ಆಹಾರವನ್ನು ಉಳಿಸುವ ಅವಶ್ಯಕತೆಯಿಂದ ರೂಪುಗೊಂಡುವು. ಅವುಗಳ ದ್ರವ್ಯಗಳನ್ನು ಜನರು ರುಚಿಯಿಂದ ವರ್ಗೀಕರಿಸಿದರು. ಒಗರು ಕೆಂಪಾಗುವುದನ್ನೂ, ಎಲೆಯು ತುಪ್ಪವನ್ನು ಕಾಯುವುದನ್ನೂ ಕಂಡುಕೊಂಡರು. ಇಷ್ಟು ಜ್ಞಾನವು ಅವರದೇ ಎಂಬುದರಲ್ಲಿ ಸಂಶಯವಿಲ್ಲ. ಮುಪ್ಪನ್ನೂ ಅರ್ಬುದವನ್ನೂ ತಡೆಯುವುದೆಂಬ ಮಾತು ಅವರದಲ್ಲ. ಅದು ಇಪ್ಪತ್ತನೆಯ ಶತಮಾನದ ವಾದ, ಅದರಲ್ಲಿಯೂ ಸೋತ ಭಾಗವೇ ಹೆಚ್ಚು. ಅದನ್ನು ಪೂರ್ವಿಕರ ಬಾಯಲ್ಲಿ ಇಡುವುದರಿಂದ ಅವರಿಗೆ ಗೌರವವು ಸಲ್ಲುವುದಿಲ್ಲ.

ಒಗರೆಂಬ ಹಳೆಯ ಶಬ್ದದಲ್ಲಿ ಹೊಸ ಶಬ್ದದಲ್ಲಿಲ್ಲದ ವಿವೇಕವೊಂದಿದೆ. ಒಗರೆಂದರೆ ಒಳ್ಳೆಯದೆಂದೂ ಅರ್ಥವಲ್ಲ, ಕೆಟ್ಟುದೆಂದೂ ಅರ್ಥವಲ್ಲ. ಷಡ್ರಸಗಳಲ್ಲಿ ಅದು ಒಂದು. ಉಳಿದ ಐದರೊಡನೆ ಮಿತಿಯಲ್ಲಿ ಬೆರೆತರೆ ಊಟ, ಒಂದೇ ಮಿಕ್ಕರೆ ಬಾಧೆ. ನಿರೋಧಕವೆಂಬ ಹೊಸ ಶಬ್ದವಾದರೋ ಮೊದಲೇ ಪ್ರಶಂಸೆಯನ್ನು ಒಳಗೊಂಡು ಬರುವುದು. ತೋಟಿಗರಿಗೆ ಅಡಕೆಯ ಧಾರಣೆಯಷ್ಟೇ ಮಕ್ಕಳ ಬಾಯಿಯ ಆರೋಗ್ಯವೂ ಮುಖ್ಯವಾದುದರಿಂದ, ಚೊಗರಿನ ವಿಷಯದಲ್ಲಿ ಸತ್ಯವನ್ನು ಮರೆಮಾಡದೆ ತಿಳಿಯುವುದು ಅವಶ್ಯ. ಬೆಟ್ಟದ ನೆಲ್ಲಿ, ಅಪ್ಪೆ, ಮುರುಗಲು, ಉಪ್ಪಾಗೆಗಳನ್ನು ಬುಡಸಹಿತ ಉಳಿಸಿಕೊಳ್ಳುವುದು ಅದಕ್ಕಿಂತ ಕಡಮೆಯದಲ್ಲ. ಅಡಿಗೆಮನೆಗಳಲ್ಲಿ ಇನ್ನೂ ಜೀವಂತವಾಗಿರುವ ರುಚಿ, ಬಣ್ಣ, ವಾಸನೆಗಳ ಶಬ್ದಗಳನ್ನು ತಾಲೂಕು ತಾಲೂಕಾಗಿ ಸಂಗ್ರಹಿಸಿ, ಪಾಕಕ್ರಮದೊಡನೆ ನಿಘಂಟುಗಳಲ್ಲಿ ದಾಖಲಿಸುವ ಕಾರ್ಯವನ್ನು ವಿದ್ವಾಂಸರೂ ಸಾಹಿತ್ಯದ ಅಧ್ಯಾಪಕರೂ ಕೈಗೊಂಡರೆ, ಕನ್ನಡನಾಡಿನ ಆಹಾರಚರಿತ್ರೆಗೆ ದೃಢವಾದ ಆಧಾರವು ದೊರೆತಂತಾಗುವುದು.